‘ಒನೊ’: ಕ್ಯಾರಿಬ್ ಕುಟುಂಬದ ಒಂದು ಕ್ರಿಯಾಧಾತುವಿನ ಮೂಲ ಮತ್ತು ಅರ್ಥ

1. ಪೀಠಿಕೆ

ಭಾಷಾವಿಜ್ಞಾನದ ಗ್ರಂಥಗಳಲ್ಲಿ ಮತ್ತೆ ಮತ್ತೆ ಉದಾಹರಣೆಯಾಗಿ ಬರುವ ವಾಕ್ಯಗಳಲ್ಲಿ ‘ತೊತೊ ಯೊನೊಯೆ ಕಾಮಾರಾ’ ಎಂಬುದೂ ಒಂದು. ಇದು ಬ್ರೆಜಿಲ್ ದೇಶದ ಉತ್ತರ ಭಾಗದಲ್ಲಿ, ಅಮೆಜಾನಿನ ಉಪನದಿಯಾದ ನ್ಯಮುಂಡಾ ನದಿಯ ದಂಡೆಯಲ್ಲಿ ವಾಸಿಸುವ ಹಿಶ್ಕರ್ಯಾನ ಜನರ ಮಾತು. ‘ತೊತೊ’ ಎಂದರೆ ಮನುಷ್ಯ, ‘ಕಾಮಾರಾ’ ಎಂದರೆ ಜಾಗ್ವಾರ್, ಅಂದರೆ ಚಿರತೆಯನ್ನು ಹೋಲುವ ಅಲ್ಲಿನ ದೊಡ್ಡ ಕಾಡುಮೃಗ. ‘ಯೊನೊಯೆ’ ಎಂಬುದು ಕ್ರಿಯಾಪದ. ಇಡೀ ವಾಕ್ಯದ ಅರ್ಥ ‘ಜಾಗ್ವಾರ್ ಮನುಷ್ಯನನ್ನು ತಿಂದಿತು’ ಎಂದು. ಕರ್ಮ ಮೊದಲು, ಕ್ರಿಯೆ ನಡುವೆ, ಕರ್ತೃ ಕೊನೆಯಲ್ಲಿ ಬರುವ ಈ ಪದವಿನ್ಯಾಸವು ವಿದ್ವಾಂಸರ ಗಮನವನ್ನು ಸೆಳೆದಷ್ಟು, ಅದರ ನಡುವೆ ನಿಂತಿರುವ ಕ್ರಿಯಾಪದವು ಸೆಳೆಯಲಿಲ್ಲ. ಆ ಕ್ರಿಯಾಪದದ ಧಾತು ‘ಒನೊ’. ಪದವಿನ್ಯಾಸದ ಚರ್ಚೆಗಳಲ್ಲಿ ಇದಕ್ಕೆ ‘ತಿನ್ನು’ ಎಂದಷ್ಟೇ ಅರ್ಥ ಬರೆದು ಮುಂದೆ ಹೋಗುವುದು ವಾಡಿಕೆ. ಆದರೆ ಈ ಧಾತುವಿನ ಅರ್ಥ ಅಷ್ಟು ಸರಳವಾದುದಲ್ಲ. ಅದರ ಮೂಲವನ್ನೂ ಅರ್ಥವ್ಯಾಪ್ತಿಯನ್ನೂ ಪರಿಶೀಲಿಸಿ, ಒಂದು ಭಾಷೆಯ ಕ್ರಿಯಾಪದಕ್ಕೆ ಇನ್ನೊಂದು ಭಾಷೆಯಲ್ಲಿ ಒಂದೇ ಪದದ ಅರ್ಥ ಕೊಡುವುದರಿಂದ ಏನು ಕಳೆದುಹೋಗುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿನ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಒಂದು ಕ್ರಮವನ್ನು ಅನುಸರಿಸಲಾಗಿದೆ. ಕ್ಯಾರಿಬ್ ಭಾಷೆಗಳಲ್ಲಿ ಬಾಯಿಯನ್ನು ಅಗಲವಾಗಿ ತೆರೆದು ಉಚ್ಚರಿಸುವ ಸ್ವರವೊಂದಿದೆ. ಅದನ್ನು ‘ಆ’ ಎಂದು ಬರೆದಿದೆ. ನಾಲಗೆಯ ನಡುಭಾಗದಲ್ಲಿ ಹುಟ್ಟುವ ಇನ್ನೊಂದು ಸ್ವರವು ಕನ್ನಡದ ಹ್ರಸ್ವ ಅಕಾರಕ್ಕೆ ಹತ್ತಿರವಾಗಿದ್ದು, ಅದನ್ನು ‘ಅ’ ಎಂದು ಬರೆದಿದೆ. ಭಾಷೆಗಳ ಮತ್ತು ಜನಾಂಗಗಳ ಹೆಸರುಗಳಿಗೆ ಮಾತ್ರ ಈ ಕ್ರಮವನ್ನು ಅನ್ವಯಿಸಿಲ್ಲ.

2. ಕ್ಯಾರಿಬ್ ಭಾಷಾಕುಟುಂಬ

ಕ್ಯಾರಿಬ್ ಕುಟುಂಬದ ಭಾಷೆಗಳು ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಹರಡಿಕೊಂಡಿವೆ. ವೆನೆಜುವೆಲಾ, ಗಯಾನಾ, ಸುರಿನಾಮ್, ಫ್ರೆಂಚ್ ಗಯಾನಾ, ಬ್ರೆಜಿಲ್ ಮತ್ತು ಕೊಲಂಬಿಯಾಗಳಲ್ಲಿ ಇವುಗಳನ್ನಾಡುವ ಜನರಿದ್ದಾರೆ. ದಾಖಲೆಗಳಲ್ಲಿ ಉಳಿದಿರುವ ಭಾಷೆಗಳ ಪೈಕಿ ಹಲವು ಈಗಾಗಲೇ ಅಳಿದಿವೆ. ಬಳಕೆಯಲ್ಲಿರುವವು ಇಪ್ಪತ್ತೈದರ ಆಸುಪಾಸಿನಲ್ಲಿವೆ. ಕರಿನ್ಯ, ತಿರಿಯೊ, ಮಕುಶಿ, ಪೆಮೋನ್, ಅಪಲಾಯ್, ಪನಾರೆ, ವೈವೈ, ಹಿಶ್ಕರ್ಯಾನ, ಕುಯಿಕುರೊ, ಬಕೈರಿ ಮೊದಲಾದವು ಇವುಗಳಲ್ಲಿ ಸೇರಿವೆ. ಕೆರಿಬಿಯನ್ ಸಮುದ್ರಕ್ಕೆ ಬಂದಿರುವ ಹೆಸರೂ ಇದೇ ಜನರ ಹೆಸರಿನಿಂದ ಬಂದುದು.

ಈ ಭಾಷೆಗಳೆಲ್ಲ ಒಂದೇ ಮೂಲದಿಂದ ಬಂದವು ಎಂಬ ತಿಳಿವಳಿಕೆ ಬಹಳ ಹಿಂದಿನದು. ಇಟಲಿಯ ಜೆಸ್ವಿಟ್ ಪಾದ್ರಿ ಫಿಲಿಪ್ಪೊ ಸಾಲ್ವಾತೊರೆ ಜಿಲಿಯ್ ಒರಿನೋಕೊ ನದಿಯ ತೀರದಲ್ಲಿ ಸುಮಾರು ಹದಿನೆಂಟು ವರ್ಷ ವಾಸಿಸಿದ್ದನು. ಸ್ಪೇನಿನ ಅರಸನು 1767ರಲ್ಲಿ ಜೆಸ್ವಿಟರನ್ನು ಹೊರಹಾಕಿದ ಮೇಲೆ ಅವನು ಇಟಲಿಗೆ ಮರಳಿ, 1780ರಿಂದ 1784ರವರೆಗೆ ನಾಲ್ಕು ಸಂಪುಟಗಳ ಗ್ರಂಥವೊಂದನ್ನು ಪ್ರಕಟಿಸಿದನು. ಒರಿನೋಕೊ ಪ್ರದೇಶದ ಭಾಷೆಗಳನ್ನು ಅದರಲ್ಲಿ ಕೆಲವು ಮೂಲಭಾಷೆಗಳ ಕೆಳಗೆ ವಿಂಗಡಿಸಿದ್ದಾನೆ. ಅವುಗಳಲ್ಲಿ ಕ್ಯಾರಿಬ್ ಒಂದು. ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಸಂಬಂಧವನ್ನು ಸಾರಿದ್ದು 1786ರಲ್ಲಿ. ಫ್ರಾನ್ಸಿಸ್ ವೈಟ್ ಎಲ್ಲಿಸ್ ತಮಿಳು, ತೆಲುಗು, ಕನ್ನಡ ಧಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ಅವು ಒಂದೇ ಕುಟುಂಬದವು ಎಂದು ತೋರಿಸಿದ್ದು 1816ರಲ್ಲಿ. ಈ ಕಾಲಾನುಕ್ರಮವನ್ನು ಗಮನಿಸಿದರೆ ಕ್ಯಾರಿಬ್ ಭಾಷೆಗಳ ತೌಲನಿಕ ಅಧ್ಯಯನಕ್ಕೆ ಎಷ್ಟು ಹಳೆಯ ಚರಿತ್ರೆಯಿದೆ ಎಂಬುದು ಸ್ಪಷ್ಟವಾಗುತ್ತದೆ. ಮುಂದೆ 1892ರಲ್ಲಿ ಕಾರ್ಲ್ ಫಾನ್ ಡೆನ್ ಸ್ಟೈನೆನ್ ಬಕೈರಿ ಭಾಷೆಯ ಬಗ್ಗೆಯೂ, 1893ರಲ್ಲಿ ಲೂಸಿಯೆ ಆದಾಮ್ ಇಡೀ ಕುಟುಂಬದ ತೌಲನಿಕ ವ್ಯಾಕರಣದ ಬಗ್ಗೆಯೂ ಗ್ರಂಥಗಳನ್ನು ಹೊರತಂದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಿ. ಜೆ. ಹಾಫ್, ವಿಕ್ಟರ್ ಗಿರಾರ್ಡ್, ಸ್ಪೈಕ್ ಗಿಲ್ಡಿಯಾ, ಸೆರ್ಜಿಯೊ ಮೇಯ್ರಾ ಮೊದಲಾದ ವಿದ್ವಾಂಸರು ಮೂಲ ಕ್ಯಾರಿಬ್ ಭಾಷೆಯ ಧ್ವನಿಗಳನ್ನೂ ವ್ಯಾಕರಣವನ್ನೂ ಪುನಾರಚಿಸುವ ಕಾರ್ಯವನ್ನು ಮುಂದುವರಿಸಿದರು.

3. ‘ಯೊನೊಯೆ’ ಪದದ ರಚನೆ

ಹಿಶ್ಕರ್ಯಾನ ಭಾಷೆಯ ವಿಸ್ತಾರವಾದ ವ್ಯಾಕರಣವನ್ನು ರಚಿಸಿದವರು ಡೆಸ್ಮಂಡ್ ಡರ್ಬಿಶೈರ್ (1924–2007). 1959ರಿಂದ ಆ ಜನರ ನಡುವೆ ಕೆಲಸ ಮಾಡಿದ ಅವರು 1977ರಲ್ಲಿ ಒಂದು ಲೇಖನವನ್ನೂ, 1979 ಮತ್ತು 1985ರಲ್ಲಿ ಎರಡು ಗ್ರಂಥಗಳನ್ನೂ ಪ್ರಕಟಿಸಿದರು. ಅವರ ವಿಶ್ಲೇಷಣೆಯಂತೆ ‘ಯೊನೊಯೆ’ ಎಂಬ ಪದದಲ್ಲಿ ಮೂರು ಅಂಗಗಳಿವೆ: ‘ಯ್’ ಎಂಬ ಪೂರ್ವಪ್ರತ್ಯಯ, ‘ಒನೊ’ ಎಂಬ ಧಾತು, ‘ಯೆ’ ಎಂಬ ಕಾಲಸೂಚಕ ಪ್ರತ್ಯಯ.

ಕನ್ನಡದಲ್ಲಿ ಪುರುಷಸೂಚಕವು ಕ್ರಿಯಾಪದದ ಕೊನೆಯಲ್ಲಿ ಬರುತ್ತದೆ. ಹಿಶ್ಕರ್ಯಾನದಲ್ಲಿ ಮೊದಲಲ್ಲಿ ಬರುತ್ತದೆ. ಕರ್ಮವು ಪ್ರಥಮ ಪುರುಷದಲ್ಲಿದ್ದಾಗ, ಅಂದರೆ ‘ಅದನ್ನು’ ಎಂಬ ಅರ್ಥವಿದ್ದಾಗ, ಕರ್ತೃ ‘ನಾನು’ ಆಗಿದ್ದರೆ ‘ಕ್’, ‘ನೀನು’ ಆಗಿದ್ದರೆ ‘ಮ್’, ‘ನಾನೂ ನೀನೂ’ ಆಗಿದ್ದರೆ ‘ತ್’ ಸೇರುತ್ತದೆ. ಕರ್ತೃ, ಕರ್ಮ ಎರಡೂ ಪ್ರಥಮ ಪುರುಷದಲ್ಲಿದ್ದಾಗ ‘ನ್’ ಅಥವಾ ‘ಯ್’ ಬರುತ್ತದೆ. ಕರ್ಮಪದವು ಕ್ರಿಯಾಪದದ ಹಿಂದೆಯೇ ಕುಳಿತಿದ್ದರೆ ‘ಯ್’, ಇಲ್ಲವಾದರೆ ‘ನ್’. ಎಂದರೆ ಈ ‘ಯ್’ ಎಂಬುದು ತನ್ನ ಎಡಗಡೆಯ ನಾಮಪದಕ್ಕೆ ಕ್ರಿಯಾಪದವನ್ನು ಬೆಸೆಯುವ ಕೊಂಡಿಯಂತೆ ಕೆಲಸ ಮಾಡುತ್ತದೆ.

ಕೊನೆಯ ‘ಯೆ’ ದೂರದ ಭೂತಕಾಲವನ್ನು ಹೇಳುತ್ತದೆ. ಈ ಭಾಷೆಯಲ್ಲಿ ಭೂತಕಾಲ ಮೂರು ಬಗೆ. ಇಂದು ಅಥವಾ ಕಳೆದ ರಾತ್ರಿ ನಡೆದುದಕ್ಕೆ ಒಂದು ಪ್ರತ್ಯಯ. ನಿನ್ನೆಯಿಂದ ಹಿಡಿದು ಕೆಲವು ತಿಂಗಳ ಹಿಂದಿನವರೆಗೆ ನಡೆದುದಕ್ಕೆ ಇನ್ನೊಂದು. ಅದಕ್ಕಿಂತ ಹಿಂದಿನದಕ್ಕೆ ‘ಯೆ’. ಹೀಗಾಗಿ ‘ಯೊನೊಯೆ’ ಎಂದು ಕೇಳಿದೊಡನೆ ಘಟನೆ ಹಳೆಯದೆಂಬುದು ಕೇಳುವವರಿಗೆ ತಿಳಿಯುತ್ತದೆ.

ಕನ್ನಡದ ‘ಮನುಷ್ಯನನ್ನು’ ಎಂಬಲ್ಲಿರುವ ‘ಅನ್ನು’ ಪ್ರತ್ಯಯದಂಥದು ‘ತೊತೊ’ ಪದದಲ್ಲಿ ಇಲ್ಲ. ‘ಕಾಮಾರಾ’ ಪದಕ್ಕೂ ಕರ್ತೃವೆಂದು ತೋರಿಸುವ ಗುರುತಿಲ್ಲ. ಕ್ರಿಯಾಪದದ ‘ಯ್’ ಕೂಡ ಇಬ್ಬರಲ್ಲಿ ತಿಂದವರು ಯಾರು ಎಂಬುದನ್ನು ಹೇಳುವುದಿಲ್ಲ. ಕ್ರಿಯೆಯ ಹಿಂದೆ ನಿಂತದ್ದು ಕರ್ಮ, ಮುಂದೆ ನಿಂತದ್ದು ಕರ್ತೃ ಎಂಬ ನಿಯಮವೊಂದೇ ಅರ್ಥವನ್ನು ನಿರ್ಧರಿಸುತ್ತದೆ. ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಪ್ರಕಟಿಸಿದ, 30 ಭಾಷೆಗಳನ್ನು ಆಧರಿಸಿದ ಪ್ರಬಂಧದಲ್ಲಿ ಕರ್ತೃಪದವು ಕರ್ಮಪದಕ್ಕಿಂತ ಮೊದಲು ಬರುವುದೇ ಬಹುಮಟ್ಟಿಗೆ ಎಲ್ಲ ಭಾಷೆಗಳ ಪ್ರಧಾನ ಕ್ರಮವೆಂದು ಹೇಳಿದ್ದರು. ಕರ್ಮ–ಕ್ರಿಯೆ–ಕರ್ತೃ ಎಂಬುದೇ ಸಹಜ ಕ್ರಮವಾಗಿರುವ ಭಾಷೆಯೊಂದಿದೆ ಎಂದು ಡರ್ಬಿಶೈರ್ ಸ್ಥಾಪಿಸಿದ್ದು ಈ ಹಿನ್ನೆಲೆಯಲ್ಲಿ ಮಹತ್ವ ಪಡೆಯಿತು.

ಈ ಕ್ರಮ ಹೇಗೆ ಬಂತೆಂಬುದಕ್ಕೆ ಡರ್ಬಿಶೈರ್ 1981ರಲ್ಲಿ ಒಂದು ವಿವರಣೆ ಕೊಟ್ಟರು. ಹಿಂದೆ ಕರ್ತೃ–ಕರ್ಮ–ಕ್ರಿಯೆ ಎಂಬ ಕ್ರಮವಿದ್ದು, ಕರ್ತೃವನ್ನು ವಾಕ್ಯದ ಕೊನೆಯಲ್ಲಿ ಸ್ಪಷ್ಟನೆಗಾಗಿ ಹೇಳುವ ರೂಢಿ ಬೆಳೆದು, ಅದೇ ಕ್ರಮೇಣ ನಿಯಮವಾಯಿತು ಎಂಬುದು ಅದರ ಸಾರ. ‘ಮನುಷ್ಯನನ್ನೇ ತಿಂದುಬಿಡ್ತು, ಆ ಹುಲಿ’ ಎಂಬಂಥ ಆಡುಮಾತಿನ ವಾಕ್ಯಗಳನ್ನು ಬಲ್ಲ ಕನ್ನಡಿಗರಿಗೆ ಈ ವಿವರಣೆ ಅಪರಿಚಿತವೆನಿಸದು. ಗಿಲ್ಡಿಯಾ ಅವರು ಬೇರೊಂದು ದಾರಿಯನ್ನು ಸೂಚಿಸಿದ್ದಾರೆ. ಕ್ರಿಯೆಯಿಂದ ಸಾಧಿತವಾದ ನಾಮಪದಗಳುಳ್ಳ ವಾಕ್ಯಗಳು ಕಾಲಾಂತರದಲ್ಲಿ ಪೂರ್ಣ ಕ್ರಿಯಾವಾಕ್ಯಗಳಾಗಿ ಗ್ರಹಿಸಲ್ಪಟ್ಟು ಕ್ಯಾರಿಬ್ ಭಾಷೆಗಳ ವಾಕ್ಯರಚನೆಯನ್ನು ಬದಲಿಸಿದವು ಎಂಬುದು ಅವರ ನಿಲುವು.

4. ಧಾತುವಿನ ಅರ್ಥವ್ಯಾಪ್ತಿ

ಇನ್ನು ಮುಖ್ಯ ಪ್ರಶ್ನೆಗೆ ಬರಬಹುದು. ‘ಒನೊ’ ಎಂದರೆ ಎಲ್ಲ ಬಗೆಯ ತಿನ್ನುವಿಕೆಯೂ ಅಲ್ಲ. ಅದರ ಕರ್ಮಸ್ಥಾನದಲ್ಲಿ ಬರುವುದು ಮಾಂಸ. ಕ್ಯಾರಿಬ್ ಭಾಷೆಗಳಲ್ಲಿ ತಿನ್ನುವ ಕ್ರಿಯೆಯನ್ನು ಒಂದೇ ಧಾತು ಹೇಳುವುದಿಲ್ಲ. ತಿನ್ನುವ ವಸ್ತು ಯಾವುದು ಎಂಬುದನ್ನು ಅನುಸರಿಸಿ ಧಾತು ಬದಲಾಗುತ್ತದೆ. ಕರಿನ್ಯ ಭಾಷೆಯಲ್ಲಿ ಬೇಟೆಯ ಮಾಂಸವನ್ನು, ಮೀನನ್ನು ತಿನ್ನುವುದಕ್ಕೆ ‘ಒನೊ’ ಎಂದೂ, ಹಣ್ಣಿನಂಥ ಮೆದುವಾದ ಪದಾರ್ಥಗಳನ್ನು ತಿನ್ನುವುದಕ್ಕೆ ‘ಎನಾಪಿ’ ಎಂದೂ ಬೇರೆ ಬೇರೆ ಧಾತುಗಳಿವೆ. (‘ಎನಾಪಿ’ಯ ಕೊನೆಯ ಸ್ವರವು ಇಕಾರ, ಉಕಾರಗಳ ನಡುವಣದು.) ತಿರಿಯೊ ಭಾಷೆಯಲ್ಲೂ ಇದೇ ಭೇದವಿದೆ. ರೊಟ್ಟಿಯಂಥ ಆಹಾರಕ್ಕೆ ಮತ್ತೊಂದು ಧಾತುವನ್ನು ಮೀಸಲಿಟ್ಟಿರುವ ಭಾಷೆಗಳೂ ಈ ಕುಟುಂಬದಲ್ಲಿವೆ.

ಈ ಧಾತುಗಳೆಲ್ಲ ಸಕರ್ಮಕಗಳು. ಇಂಥದನ್ನು ತಿಂದರು ಎಂದು ಹೇಳುವಲ್ಲಿ ಮಾತ್ರ ಇವುಗಳ ಬಳಕೆ. ‘ಊಟವಾಯಿತು’, ‘ಊಟ ಮಾಡಿದರು’ ಎಂಬಂತೆ ತಿಂದ ವಸ್ತುವನ್ನು ಹೆಸರಿಸದೆ ಹೇಳಬೇಕಾದಾಗ ಬೇರೊಂದು ಅಕರ್ಮಕ ಧಾತುವಿನ ಬಳಕೆಯಾಗುತ್ತದೆ. ಪೆಮೋನ್ ಭಾಷೆಯ ‘ಎಂತಾನಾ’ ಅಂಥದು.

ಈ ವಿಂಗಡಣೆಯ ಹಿಂದೆ ಆ ಪ್ರದೇಶದ ಆಹಾರಪದ್ಧತಿ ಇದೆ. ಗಯಾನಾ ಪ್ರಸ್ಥಭೂಮಿಯ ಮತ್ತು ಉತ್ತರ ಅಮೆಜಾನಿನ ಕ್ಯಾರಿಬ್ ಜನರ ಮುಖ್ಯ ಬೆಳೆ ಕಹಿ ಮರಗೆಣಸು. ಅದರಲ್ಲಿ ವಿಷಾಂಶವಿರುವುದರಿಂದ ಗೆಡ್ಡೆಯನ್ನು ತುರಿದು, ಹೆಣೆದ ಉದ್ದನೆಯ ಹಿಂಡುಚೀಲದಲ್ಲಿ ತುಂಬಿ ರಸವನ್ನೆಲ್ಲ ಹಿಂಡಿ ತೆಗೆದು, ಉಳಿದ ಹಿಟ್ಟನ್ನು ಕಾವಲಿಯ ಮೇಲೆ ರೊಟ್ಟಿಯಾಗಿ ಬೇಯಿಸುತ್ತಾರೆ. ಈ ಹಿಂಡುಚೀಲಕ್ಕೆ ಕರಿನ್ಯರಲ್ಲಿ ‘ಮಾತಾಪಿ’ ಎಂಬ ಹೆಸರಿದೆ. ಮರಗೆಣಸನ್ನು ಬೆಳೆದು ರೊಟ್ಟಿ ಮಾಡುವುದು ಸಾಂಪ್ರದಾಯಿಕವಾಗಿ ಹೆಂಗಸರ ಕೆಲಸ. ಬೇಟೆ ಗಂಡಸರ ಕೆಲಸ. ಎರಡು ಬೇರೆ ದುಡಿಮೆಗಳಿಂದ, ಎರಡು ಬೇರೆ ಜಾಗಗಳಿಂದ ಬರುವ ಆಹಾರವನ್ನು ತಿನ್ನುವ ಕ್ರಿಯೆಗೂ ಭಾಷೆ ಬೇರೆ ಹೆಸರುಗಳನ್ನಿಟ್ಟಿದೆ.

ಮೇಲಿನ ವಾಕ್ಯವನ್ನು ಈಗ ಮತ್ತೆ ಓದಿದರೆ ಅದರ ಅರ್ಥ ಇನ್ನಷ್ಟು ಖಚಿತವಾಗುತ್ತದೆ. ಜಾಗ್ವಾರ್ ಮನುಷ್ಯನನ್ನು ತಿಂದಿತು ಎನ್ನುವಲ್ಲಿ ‘ಒನೊ’ ಬಂದಿದೆ. ಆ ಮೃಗದ ಮುಂದೆ ಮನುಷ್ಯನೂ ಮಾಂಸವೇ. ತಿನ್ನುವವನು ಮನುಷ್ಯನೋ ಮೃಗವೋ ಎಂಬುದನ್ನು ಧಾತು ಪರಿಗಣಿಸುವುದಿಲ್ಲ. ತಿನ್ನಲ್ಪಟ್ಟದ್ದು ಯಾವ ಜಾತಿಯ ವಸ್ತು ಎಂಬುದನ್ನಷ್ಟೇ ಪರಿಗಣಿಸುತ್ತದೆ.

5. ಧಾತುವಿನ ಮೂಲ

‘ಒನೊ’ ಹಿಶ್ಕರ್ಯಾನ ಭಾಷೆಯೊಂದಕ್ಕೇ ಸೇರಿದ ಧಾತುವಲ್ಲ. ಕರಿನ್ಯ ಭಾಷೆಯಲ್ಲಿ ಅದೇ ಅರ್ಥದಲ್ಲಿ ‘ಒನೊ’ ಇದೆ. ತಿರಿಯೊ ಭಾಷೆಯಲ್ಲಿ ‘ಅನ’ ಇದೆ. ಇವು ಜ್ಞಾತಿಪದಗಳೆಂದು ಹೇಳಬೇಕಾದರೆ ಸಾಮ್ಯವು ಆಕಸ್ಮಿಕವಲ್ಲವೆಂದು ತೋರಿಸಬೇಕು. ಒಂದು ಭಾಷೆಯ ‘ಒ’ ಸ್ವರಕ್ಕೆ ಇನ್ನೊಂದರಲ್ಲಿ ‘ಅ’ ಸಂವಾದಿಯಾಗಿರುವುದು ಬೇರೆ ಪದಗಳಲ್ಲೂ ಕಾಣಿಸಬೇಕು. ಅದು ಕಾಣಿಸುತ್ತದೆ. ‘ಕಲ್ಲು’ ಎಂಬುದಕ್ಕೆ ತಿರಿಯೊದಲ್ಲಿ ‘ತಪು’, ಕರಿನ್ಯದಲ್ಲಿ ‘ತೊಪು’, ಹಿಶ್ಕರ್ಯಾನದಲ್ಲಿ ‘ತೊಹು’. ‘ನೀನು’ ಎಂಬುದಕ್ಕೆ ತಿರಿಯೊದಲ್ಲಿ ‘ಅಮ’, ಹಿಶ್ಕರ್ಯಾನದಲ್ಲಿ ‘ಒಮೊರೊ’. ತಿರಿಯೊದಲ್ಲಿ ನಡುನಾಲಗೆಯ ಸ್ವರ ಎಲ್ಲಿದೆಯೋ ಅಲ್ಲಿ ಹಿಶ್ಕರ್ಯಾನದಲ್ಲಿ ‘ಒ’ ಇದೆ. ಇವೆರಡರಲ್ಲಿ ನಡುನಾಲಗೆಯ ಸ್ವರವೇ ಹಳೆಯದೆಂದು ವಿದ್ವಾಂಸರು ನಿರ್ಣಯಿಸಿ, ಮಾಂಸ ತಿನ್ನುವ ಅರ್ಥದ ಮೂಲ ಕ್ಯಾರಿಬ್ ಧಾತುವನ್ನು *ಅನ ಎಂದು ಪುನಾರಚಿಸಿದ್ದಾರೆ. ಇಲ್ಲಿನ ನಕ್ಷತ್ರ ಚಿಹ್ನೆ ಅದು ದಾಖಲೆಯಲ್ಲಿ ದೊರೆತ ರೂಪವಲ್ಲ, ಹೋಲಿಕೆಯಿಂದ ಊಹಿಸಿದ ರೂಪ ಎಂಬುದನ್ನು ಸೂಚಿಸುತ್ತದೆ.

ಮೇಲಿನ ‘ತೊಪು’–‘ತೊಹು’ ಜೋಡಿಯಲ್ಲಿ ಇನ್ನೊಂದು ಧ್ವನಿವ್ಯತ್ಯಾಸವೂ ಇದೆ. ಕರಿನ್ಯದ ಪಕಾರಕ್ಕೆ ಹಿಶ್ಕರ್ಯಾನದಲ್ಲಿ ಹಕಾರ ಬಂದಿದೆ. ‘ಕಿವಿ’ ಎಂಬ ಅರ್ಥದ ‘ಪಾನಾ’ ಪದವೂ ಹಿಶ್ಕರ್ಯಾನದಲ್ಲಿ ‘ಹಾನಾ’ ಆಗಿದೆ. ಹಳಗನ್ನಡದ ಪಾಲ್, ಪಲ್, ಪುಲಿಗಳು ಹಾಲು, ಹಲ್ಲು, ಹುಲಿಗಳಾದುದನ್ನು ಬಲ್ಲವರಿಗೆ ಈ ಬದಲಾವಣೆಯ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಯಾವ ಸಂಬಂಧವೂ ಇಲ್ಲದ ಎರಡು ಕುಟುಂಬಗಳಲ್ಲಿ ಒಂದೇ ಬಗೆಯ ಬದಲಾವಣೆ ಸ್ವತಂತ್ರವಾಗಿ ನಡೆದಿದೆ. ಧ್ವನಿನಿಯಮವು ಪದದಿಂದ ಪದಕ್ಕೆ ಕ್ರಮಬದ್ಧವಾಗಿ ಅನ್ವಯಿಸುವುದರಿಂದಲೇ ಬರವಣಿಗೆಯ ಪರಂಪರೆಯಿಲ್ಲದ ಭಾಷೆಗಳ ಪೂರ್ವರೂಪವನ್ನೂ ಕಂಡುಕೊಳ್ಳಲು ಸಾಧ್ಯವಾಗಿದೆ.

ಹೀಗೆ ದೊರೆಯುವ ಮೂಲಧಾತುವಿನಲ್ಲಿ ಧ್ವನಿಯಷ್ಟೇ ಅಲ್ಲದೆ ಅರ್ಥವೂ ಉಳಿದುಬಂದಿದೆ ಎಂಬುದು ಗಮನಾರ್ಹ. ಕರಿನ್ಯ ಕರಾವಳಿಯ ಕಡೆಗೆ, ತಿರಿಯೊ ಬ್ರೆಜಿಲ್–ಸುರಿನಾಮ್ ಗಡಿಯಲ್ಲಿ, ಹಿಶ್ಕರ್ಯಾನ ಅಮೆಜಾನಿನ ಕಡೆಗೆ ಇವೆ. ಇಷ್ಟು ಅಂತರದಲ್ಲಿ ಬೆಳೆದ ಭಾಷೆಗಳಲ್ಲಿ ಅದೇ ಧಾತು ಮಾಂಸಕ್ಕೆ ಸಂಬಂಧಿಸಿದ ಅರ್ಥದಲ್ಲೇ ನಿಂತಿರುವುದರಿಂದ ಆ ಅರ್ಥ ಮೂಲಭಾಷೆಯ ಕಾಲದ್ದೆಂದು ತಿಳಿಯಬೇಕಾಗುತ್ತದೆ. ಮಾಂಸ ತಿನ್ನುವುದನ್ನೂ ಹಣ್ಣು ತಿನ್ನುವುದನ್ನೂ ಎರಡು ಕ್ರಿಯೆಗಳೆಂದು ಎಣಿಸುವ ಪದ್ಧತಿ ಈ ಭಾಷೆಗಳು ಕವಲೊಡೆಯುವ ಮೊದಲೇ ಇದ್ದಿತು.

6. ನಾಮಪದಗಳಲ್ಲಿಯೂ ಅದೇ ವಿಂಗಡಣೆ

ಕ್ರಿಯಾಪದಗಳಲ್ಲಿರುವ ಈ ವಿಂಗಡಣೆ ನಾಮಪದಗಳ ಒಡೆತನವನ್ನು ಹೇಳುವ ಕ್ರಮದಲ್ಲೂ ಇದೆ. ಹಲವು ಕ್ಯಾರಿಬ್ ಭಾಷೆಗಳಲ್ಲಿ ಕೆಲವು ಬಗೆಯ ವಸ್ತುಗಳನ್ನು ನೇರವಾಗಿ ‘ನನ್ನದು’, ‘ನಿನ್ನದು’ ಎಂದು ಹೇಳಲು ಬರುವುದಿಲ್ಲ. ನಡುವೆ ಆ ವಸ್ತುವಿನ ವರ್ಗವನ್ನು ಹೇಳುವ ಪದವೊಂದು ಬರಬೇಕು. ಬ್ರೆಜಿಲಿನ ಪಾರೂ ನದಿಯ ತೀರದ ಅಪಲಾಯ್ ಭಾಷೆಯಲ್ಲಿ ‘ನಿನ್ನ ಬಾಳೆಹಣ್ಣು’ ಎನ್ನಲು ‘ಆನಾಪಿರಿ ಪಾರುರು’ ಎನ್ನುತ್ತಾರೆ. ‘ಪಾರುರು’ ಎಂದರೆ ಬಾಳೆಹಣ್ಣು. ‘ಆನಾಪಿರಿ’ ಎಂದರೆ ‘ನೀನು ತಿನ್ನುವ ಹಣ್ಣು’ ಎಂಬರ್ಥದ ವರ್ಗಪದ. ಅದರೊಳಗಿನ ‘ನಾಪಿ’ ಎಂಬ ಅಂಗಕ್ಕೂ ಹಣ್ಣು ತಿನ್ನುವ ಅರ್ಥದ ‘ಎನಾಪಿ’ ಧಾತುವಿಗೂ ಇರುವ ಸಾಮ್ಯ ಎದ್ದು ಕಾಣುತ್ತದೆ. ಆಹಾರವಾಗಿ ಒದಗುವ ಮಾಂಸಕ್ಕೆ ಬೇರೊಂದು ವರ್ಗಪದವಿದೆ. ಸಾಕುಪ್ರಾಣಿಗಳಿಗೂ ಪ್ರತ್ಯೇಕ ವರ್ಗಪದವುಂಟು. ಮಕುಶಿ ಮೊದಲಾದ ಭಾಷೆಗಳಲ್ಲಿ ‘ನನ್ನ ಕುದುರೆ’ ಎನ್ನಬೇಕಾದರೆ ‘ನನ್ನ ಸಾಕುಪ್ರಾಣಿ, ಕುದುರೆ’ ಎನ್ನಬೇಕು.

ಇದರಿಂದ ಒಂದು ಸಂಗತಿ ಖಚಿತವಾಗುತ್ತದೆ. ‘ಒನೊ’ ಮತ್ತು ‘ಎನಾಪಿ’ಗಳ ಭೇದವನ್ನು ಶಬ್ದಕೋಶದ ಒಂದು ವಿಚಿತ್ರವೆಂದು ಬದಿಗಿಡಲಾಗದು. ವಸ್ತುವು ಮನುಷ್ಯನೊಡನೆ ಯಾವ ಸಂಬಂಧದಲ್ಲಿ ನಿಂತಿದೆ—ಬೇಟೆಯಾಗಿಯೋ, ಹಣ್ಣಾಗಿಯೋ, ಸಾಕಿದ ಜೀವವಾಗಿಯೋ—ಎಂಬುದನ್ನು ವ್ಯಾಕರಣದಲ್ಲೇ ಗುರುತಿಸುವ ವ್ಯವಸ್ಥೆಯ ಭಾಗ ಅದು. ಮನೆಯಲ್ಲಿ ಸಾಕಿದ ಹಕ್ಕಿಯೂ ಕಾಡಿನಲ್ಲಿ ಹೊಡೆದ ಹಕ್ಕಿಯೂ ಪ್ರಾಣಿಶಾಸ್ತ್ರಕ್ಕೆ ಒಂದೇ ಆಗಿರಬಹುದು. ವರ್ಗಪದಗಳನ್ನುಳ್ಳ ಇಂಥ ಭಾಷೆಯಲ್ಲಿ ಅವೆರಡನ್ನು ‘ನನ್ನದು’ ಎನ್ನುವ ಬಗೆ ಬೇರೆ.

7. ಕನ್ನಡದ ‘ಉಣ್ಣು’, ‘ತಿನ್ನು’ಗಳೊಡನೆ ಹೋಲಿಕೆ

ಆಹಾರಸೇವನೆಯ ಕ್ರಿಯೆಯನ್ನು ಒಂದೇ ಧಾತುವಿನಲ್ಲಿ ಅಡಗಿಸದಿರುವುದು ಕನ್ನಡಕ್ಕೂ ಹೊಸದಲ್ಲ. ಉಣ್ಣು, ತಿನ್ನು, ಮೇಯು, ಮೆಲ್ಲು, ಜಗಿ, ನುಂಗು, ಕಬಳಿಸು ಎಂಬ ಧಾತುಗಳು ಒಂದರ ಸ್ಥಾನದಲ್ಲಿ ಇನ್ನೊಂದು ಸಲ್ಲುವುದಿಲ್ಲ. ಆದರೆ ಇಲ್ಲಿನ ವಿಂಗಡಣೆಯ ತತ್ತ್ವ ಬೇರೆ. ‘ಉಣ್ಣು’ ಎಂಬಲ್ಲಿ ಸಂದರ್ಭ ಮುಖ್ಯ; ಎಲೆಯ ಮುಂದೆ ಕುಳಿತು ಹೊಟ್ಟೆ ತುಂಬ ಮಾಡುವ ಊಟ ಅದು. ಹಣ್ಣನ್ನೂ ರೊಟ್ಟಿಯನ್ನೂ ಮಾಂಸವನ್ನೂ ‘ತಿನ್ನು’ವುದೆಂದೇ ಹೇಳುತ್ತೇವೆ. ‘ಮೇಯು’ ಎಂಬಲ್ಲಿ ತಿನ್ನುವವರು ಯಾರೆಂಬುದು ಮುಖ್ಯ; ಅದು ದನಕರುಗಳಿಗೆ ಸಲ್ಲುವ ಮಾತು, ಮನುಷ್ಯರಿಗೆ ಹೇಳಿದರೆ ಬೈಗುಳ. ‘ಜಗಿ’, ‘ನುಂಗು’ ಎಂಬಲ್ಲಿ ರೀತಿ ಮುಖ್ಯ. ಕ್ಯಾರಿಬ್ ಭಾಷೆಗಳಲ್ಲಿ ತಿನ್ನುವ ವಸ್ತುವಿನ ವರ್ಗ ಮುಖ್ಯ. ಸಂದರ್ಭ, ಕರ್ತೃ, ರೀತಿ, ವಸ್ತು ಎಂಬ ಈ ನಾಲ್ಕು ಆಧಾರಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಆಯಾ ಭಾಷೆಗೆ ಬಿಟ್ಟದ್ದು.

‘ಉಣ್’ ಧಾತುವಿನ ಚರಿತ್ರೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಮೂಲ ದ್ರಾವಿಡದಲ್ಲಿ ಅದು ಘನಾಹಾರಕ್ಕೂ ದ್ರವಕ್ಕೂ ಸಲ್ಲುತ್ತಿತ್ತು ಎಂಬುದಕ್ಕೆ ತಮಿಳಿನ ಪ್ರಯೋಗಗಳು ಸಾಕ್ಷಿಯಾಗಿವೆ. ಕನ್ನಡದಲ್ಲಿ ‘ಮೊಲೆಯುಣ್ಣುವ ಕೂಸು’ ಎಂಬ ಮಾತಿನಲ್ಲಿ, ನಂಜನ್ನು ಕುಡಿದ ಶಿವನ ‘ನಂಜುಂಡ’ ಎಂಬ ಹೆಸರಿನಲ್ಲಿ ಆ ಹಳೆಯ ಅರ್ಥ ಉಳಿದಿದೆ. ‘ಉಣ್ಣು’ ಎಂದರೆ ‘ಅನ್ನ ತಿನ್ನು’ ಎಂದಷ್ಟೇ ಅರ್ಥ ಬರೆದವನಿಗೆ ನಂಜನಗೂಡಿನ ದೇವರ ಹೆಸರು ಅರ್ಥವಾಗದು. ‘ಒನೊ’ ಎಂಬುದಕ್ಕೆ ‘ತಿನ್ನು’ ಎಂದಷ್ಟೇ ಬರೆದವರಿಗೆ ಆ ಭಾಷೆಯ ಒಳವ್ಯವಸ್ಥೆ ಕಾಣದಿರುವುದೂ ಹೀಗೆಯೇ.

8. ಪದಪಟ್ಟಿಗಳ ತೊಡಕು

ಈ ವಿಚಾರಕ್ಕೆ ಸಂಶೋಧನೆಯ ವಿಧಾನದ ದೃಷ್ಟಿಯಿಂದ ಹೆಚ್ಚಿನ ಮಹತ್ವವಿದೆ. ಭಾಷೆಗಳ ಸಂಬಂಧವನ್ನು ಅಳೆಯಲು ಮೊರಿಸ್ ಸ್ವಾದೇಶ್ ಅವರು ಸಿದ್ಧಪಡಿಸಿದ ನೂರು ಮೂಲಪದಗಳ ಪಟ್ಟಿಯನ್ನು ಜಗತ್ತಿನಾದ್ಯಂತ ಬಳಸಲಾಗುತ್ತದೆ. ‘ತಿನ್ನು’ ಎಂಬುದು ಅದರಲ್ಲಿ ಒಂದು ಪದ. ಕ್ಯಾರಿಬ್ ಭಾಷಿಕರೊಬ್ಬರನ್ನು ಕುರಿತು ‘ತಿನ್ನುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ’ ಎಂದು ಕೇಳಿದರೆ, ಉತ್ತರ ಕೊಡುವವರ ಮನಸ್ಸಿನಲ್ಲಿ ಆ ಹೊತ್ತಿಗೆ ಮೀನಿದೆಯೋ ಹಣ್ಣಿದೆಯೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಂದು ಊರಿನ ಪಟ್ಟಿಯಲ್ಲಿ ‘ಒನೊ’, ಇನ್ನೊಂದು ಊರಿನ ಪಟ್ಟಿಯಲ್ಲಿ ‘ಎನಾಪಿ’ ದಾಖಲಾದರೆ, ಎರಡು ಧಾತುಗಳೂ ಎರಡೂ ಕಡೆ ಇದ್ದರೂ ಆ ಭಾಷೆಗಳು ಪರಸ್ಪರ ದೂರದವು ಎಂಬ ತಪ್ಪು ನಿರ್ಣಯಕ್ಕೆ ದಾರಿಯಾಗುತ್ತದೆ.

ದ್ರಾವಿಡ ಭಾಷೆಗಳಿಂದಲೇ ಇದನ್ನು ಮನಗಾಣಬಹುದು. ಕನ್ನ‌ಡಕ್ಕೆ ‘ಉಣ್ಣು’, ತೆಲುಗಿಗೆ ‘ತಿನು’, ಇಂದಿನ ಆಡುದಮಿಳಿಗೆ ‘ಸಾಪ್ಪಿಡು’ ಎಂದು ಬರೆದುಕೊಂಡರೆ ಈ ಮೂರು ಭಾಷೆಗಳು ಬಂಧುಗಳೆಂಬುದಕ್ಕೆ ಆ ಸಾಲಿನಲ್ಲಿ ಯಾವ ಸುಳಿವೂ ಸಿಗದು. ಕನ್ನಡದ ‘ತಿನ್ನು’, ತೆಲುಗಿನ ‘ತಿನು’, ತಮಿಳಿನ ‘ತಿನ್’ಗಳನ್ನು ಜೊತೆಗಿಟ್ಟಾಗ ಮಾತ್ರ ಸಂಬಂಧ ಬೆಳಗುತ್ತದೆ. ಪಟ್ಟಿಯಲ್ಲಿ ತಪ್ಪು ಪದವೊಂದೂ ಇಲ್ಲದಿದ್ದರೂ ಪ್ರಶ್ನೆ ಅಸ್ಪಷ್ಟವಾಗಿದ್ದರೆ ಫಲಿತಾಂಶ ತಪ್ಪಾಗಬಲ್ಲುದು.

9. ಹೆಸರಿಗೆ ಅಂಟಿದ ಅಪವಾದ

ಕ್ಯಾರಿಬ್ ಜನರು, ಮಾಂಸ ತಿನ್ನುವ ಅರ್ಥದ ಧಾತು—ಇವೆರಡನ್ನು ಒಟ್ಟಿಗೆ ಹೇಳಿದಾಗ ಒಂದು ಅಪಾರ್ಥವನ್ನು ನಿವಾರಿಸುವುದು ಅಗತ್ಯ. ನರಭಕ್ಷಕ ಎಂಬರ್ಥದಲ್ಲಿ ಯುರೋಪಿನ ಭಾಷೆಗಳಲ್ಲಿ ಬಳಕೆಯಾಗುವ ‘ಕ್ಯಾನಿಬಲ್’ ಎಂಬ ಪದ ಕ್ಯಾರಿಬ್ ಜನರಿಂದಲೇ ಬಂದುದು ನಿಜ. ಆದರೆ ಅದು ತಿನ್ನುವ ಅರ್ಥದ ಯಾವ ಧಾತುವಿನಿಂದಲೂ ಬಂದುದಲ್ಲ. ಆ ಜನರ ಹೆಸರಿನಿಂದ ಬಂದುದು. ಕೊಲಂಬಸ್ 1492ರಲ್ಲಿ ಕ್ಯೂಬಾ, ಹಿಸ್ಪಾನಿಯೋಲಾ ದ್ವೀಪಗಳ ಕಡೆ ಬಂದಾಗ, ಅಲ್ಲಿನ ಅರಾವಾಕ್ ಕುಟುಂಬದ ಭಾಷೆಯನ್ನಾಡುವ ಜನರು ತಮ್ಮ ಶತ್ರುಗಳ ಹೆಸರನ್ನು ಹೇಳಿದರು. ಅವನ ದಿನಚರಿಯಲ್ಲಿ ಅದು ‘ಕಾನಿಬಾ’, ‘ಕಾನಿಬಾಲೆಸ್’ ಮೊದಲಾದ ರೂಪಗಳಲ್ಲಿ ದಾಖಲಾಗಿದೆ. ಏಷ್ಯಾವನ್ನು ತಲುಪಿದ್ದೇನೆಂದು ನಂಬಿದ್ದ ಅವನು ಇದೇ ಪದದಲ್ಲಿ ಮಂಗೋಲರ ಮಹಾಖಾನನ ಹೆಸರನ್ನು ಕೇಳಿಸಿಕೊಂಡು, ಕಾನಿಬಾ ಎಂದರೆ ಖಾನನ ಜನರೇ ಎಂದೂ ಬರೆದುಕೊಂಡನು. ಶತ್ರುಗಳು ಹೇಳಿದ ಮಾತನ್ನು, ಭಾಷೆ ಅರಿಯದವನು ತನ್ನ ನಿರೀಕ್ಷೆಗೆ ತಕ್ಕಂತೆ ಕೇಳಿಸಿಕೊಂಡು ಬರೆದ ಹೆಸರು ಅದು.

ಹೀಗೆ ಹುಟ್ಟಿದ ಪದಕ್ಕೆ ಬಹುಬೇಗ ರಾಜಾಜ್ಞೆಯ ಬಲ ಬಂತು. ಸ್ಪೇನಿನ ರಾಣಿ ಇಸಾಬೆಲ್ಲಾ 1503ರಲ್ಲಿ ಹೊರಡಿಸಿದ ಆಜ್ಞೆಯಂತೆ, ‘ಕಾನಿಬಾಲೆಸ್’ ಎಂದು ಕರೆಯಲ್ಪಡುವ ಜನರು ಎದುರು ನಿಂತರೆ ಅವರನ್ನು ಸೆರೆಹಿಡಿದು ಮಾರಲು ಅನುಮತಿ ದೊರೆಯಿತು. ಯಾರನ್ನಾದರೂ ಗುಲಾಮರನ್ನಾಗಿ ಮಾಡಬೇಕೆಂದರೆ ಅವರನ್ನು ಆ ಹೆಸರಿನಿಂದ ಕರೆದರೆ ಸಾಕೆಂಬ ಸ್ಥಿತಿ ಉಂಟಾಯಿತು. ಆದರೆ ಆ ಜನರ ಭಾಷೆಯಲ್ಲಿ ‘ಕರಿನ್ಯ’ ಎಂಬುದು ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು. ‘ಮನುಷ್ಯ’, ‘ಜನ’ ಎಂಬ ಅರ್ಥವೂ ಅದಕ್ಕಿದೆ. ತಮ್ಮನ್ನು ಮನುಷ್ಯರೆಂದು ಕರೆದುಕೊಂಡವರ ಹೆಸರೇ ಪರಭಾಷೆಗಳಲ್ಲಿ ಮನುಷ್ಯರನ್ನು ತಿನ್ನುವವರು ಎಂಬ ಅರ್ಥವನ್ನು ಪಡೆಯಿತು.

ಆ ಭಾಷೆಗಳ ‘ಒನೊ’ ಧಾತುವಿನಲ್ಲಿ ಇಂಥ ಯಾವ ಸೂಚನೆಯೂ ಇಲ್ಲ. ಅದು ಮೀನಿಗೂ ಬೇಟೆಗೂ ಸಲ್ಲುವ ದಿನಬಳಕೆಯ ಮಾತು. ಪದದ ಅರ್ಥವನ್ನು ಅದನ್ನಾಡುವವರ ಬಳಕೆಯಿಂದ ತಿಳಿಯದೆ ಹೊರಗಿನವರ ಊಹೆಯಿಂದ ನಿರ್ಧರಿಸಿದರೆ ಅದರ ಪರಿಣಾಮ ನಿಘಂಟಿನ ಪುಟದಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ‘ಕ್ಯಾನಿಬಲ್’ ಪದದ ಚರಿತ್ರೆ ಕಠೋರ ನಿದರ್ಶನ.

10. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹಿಶ್ಕರ್ಯಾನದ ‘ಒನೊ’ ಧಾತುವು ಮೂಲ ಕ್ಯಾರಿಬ್ ಭಾಷೆಯ *ಅನ ಎಂಬ ಧಾತುವಿನಿಂದ ನಿಯತವಾದ ಧ್ವನಿಪರಿವರ್ತನೆಯ ಮೂಲಕ ಬಂದಿದೆ. ಅದರ ಅರ್ಥ ಮಾಂಸವನ್ನು ತಿನ್ನುವುದು. ಈ ಅರ್ಥವೂ ಮೂಲಭಾಷೆಯಿಂದಲೇ ಬಂದುದು. ತಿನ್ನುವ ವಸ್ತುವನ್ನು ಅನುಸರಿಸಿ ಧಾತುವನ್ನು ಆರಿಸುವ ಪದ್ಧತಿ, ವಸ್ತುವಿನ ವರ್ಗವನ್ನು ಅನುಸರಿಸಿ ಒಡೆತನವನ್ನು ಹೇಳುವ ಪದ್ಧತಿ ಇವೆರಡೂ ಒಂದೇ ದೃಷ್ಟಿಯ ಎರಡು ರೂಪಗಳು.

ಕರ್ನಾಟಕದಲ್ಲಿಯೂ ಕೊರಗ, ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳ ನುಡಿಗಳನ್ನು ದಾಖಲಿಸುವ ಕೆಲಸ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತ ಬಂದಿದೆ. ಸಿದ್ಧ ಪದಪಟ್ಟಿಯೊಂದನ್ನು ಹಿಡಿದು, ಕನ್ನಡದ ಒಂದು ಪದಕ್ಕೆ ಅಲ್ಲಿನ ಒಂದು ಪದವನ್ನು ಎದುರಿಗೆ ಬರೆದುಕೊಂಡು ಬಂದರೆ ಆ ನುಡಿಗಳೊಳಗಿನ ಇಂಥ ಭೇದಗಳು ದಾಖಲೆಗೆ ಸಿಕ್ಕದೆ ಹೋಗುತ್ತವೆ. ಜೇನನ್ನು, ಗೆಡ್ಡೆಯನ್ನು, ಮೀನನ್ನು, ಅನ್ನವನ್ನು ಬೇರೆ ಬೇರೆಯಾಗಿ ಹೆಸರಿಸಿ ಕೇಳಿದಾಗ ದೊರೆಯುವ ಉತ್ತರಗಳು ಒಂದೇ ಆಗಿರಬಹುದು, ಬೇರೆಯಾಗಿಯೂ ಇರಬಹುದು. ಕೇಳದ ಹೊರತು ಅದು ತಿಳಿಯದು. ಆಡುವವರ ಸಂಖ್ಯೆ ಕಡಿಮೆಯಿರುವ ನುಡಿಗಳ ವಿಷಯದಲ್ಲಿ ಮತ್ತೆ ಹೋಗಿ ಕೇಳುವ ಅವಕಾಶ ಎಲ್ಲ ಕಾಲಕ್ಕೂ ಇರುವುದಿಲ್ಲ. ಆದುದರಿಂದ ಕ್ಷೇತ್ರಕಾರ್ಯದ ಪ್ರಶ್ನಾವಳಿಯನ್ನು ಸಿದ್ಧಪಡಿಸುವ ಹಂತದಲ್ಲಿಯೇ ‘ತಿನ್ನು’ ಎಂಬಂಥ ಸಾಮಾನ್ಯ ಕ್ರಿಯೆಗಳನ್ನು ವಸ್ತು, ಕರ್ತೃ, ರೀತಿ, ಸಂದರ್ಭಗಳ ಆಧಾರದಿಂದ ಬಿಡಿಸಿ ಕೇಳುವ ಕ್ರಮವನ್ನು ಅಳವಡಿಸಿಕೊಳ್ಳುವುದು ಅವಶ್ಯಕ.